ಇಷ್ಟದ ಕಾದಂಬರಿ ನಿಮ್ಮ ಕೈಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ದಾವಣಗೆರೆಯ ನಮ್ಮ ಮನೆ ಜಗಲಿಯ ಮೇಲೆ ಜಮಖಾನ ಹಾಸಿ, ಪುಸ್ತಕ ಹರಡಿಕೊಂಡು ಕೂರುತ್ತೇವೆ. ನಾನು, ನನ್ನ ತಂಗಿ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ನಾವು ಓದಿ ಮೆಚ್ಚಿದ, ಹದಿಹರೆಯದ ಮಕ್ಕಳಿಗೆ ಹಿಡಿಸುವಂಥ ಕಾದಂಬರಿಗಳನ್ನು ಬಂದ ಮಕ್ಕಳಿಗೆ ಕೊಟ್ಟು ಕಳಿಸುತ್ತೇವೆ. ಪ್ರತಿ ಸಲವೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳೋಣವಾ ಬೇಡವಾ ಅಂತ ಗೇಟಿನ ಹೊರಗೇ ನಿಂತು, ಹಾಗೇ ಹೋದವರೂ ಇದ್ದಾರೆ. ಅವರಿಗೂ ಗೊತ್ತಾಗಲಿ ಅಂತ ಬರೆದಿದ್ದೇನೆ.

ನಿಜವಾಗ್ಲೂ ಫ್ರೀನಾ?

ಹೌದು. ದುಡ್ಡು ಇಲ್ಲ, ಡೆಪಾಸಿಟ್ ಇಲ್ಲ, ಮೆಂಬರ್ ಆಗಬೇಕಾಗಿಲ್ಲ. ಹೆಸರು, ಫೋನ್ ನಂಬರ್ ಬರೆದುಕೊಳ್ಳುವ ಪುಸ್ತಕವನ್ನೂ ಇಟ್ಟಿಲ್ಲ. ನೀವು ಕೈಯಲ್ಲಿ ಹಿಡಿದುಕೊಂಡು ಹೋದ ಕಾದಂಬರಿ ನಿಮ್ಮದೇ.

ಯಾವ ವಯಸ್ಸಿನವರು ಬರಬಹುದು?

ಹನ್ನೆರಡರಿಂದ ಹದಿನೆಂಟು ಅಂತ ಇಟ್ಟುಕೊಂಡಿದ್ದೇವೆ. ಅಂದರೆ ಏಳನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ. ಶಾಲೆಗೆ ಹೋಗುತ್ತಿರಲೇಬೇಕು ಅಂತೇನಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರು, ಟೈಲರಿಂಗ್ ಕಲಿಯುವ ಹುಡುಗಿಯರು ಬರುತ್ತಾರೆ. ಅವರಿಗೆ ಭಾನುವಾರವೂ ಅರ್ಧ ದಿನ ಕೆಲಸ ಇರುತ್ತದೆ. ಅವರು ಒಂದು ಗಂಟೆ ದಾಟಿ ಬಂದರೂ ಬಾಗಿಲು ತಟ್ಟಲಿ, ಊಟದ ಹೊತ್ತಾದರೂ ಪರವಾಗಿಲ್ಲ.

ಹತ್ತು ವರ್ಷದ ತಂಗಿ ತಮ್ಮಂದಿರು ಜೊತೆಯಲ್ಲಿ ಬಂದೇ ಬರುತ್ತಾರೆ. ಅವರಿಗೆ ಅಂತ ಒಂದಿಷ್ಟು ಚಿತ್ರದ ಪುಸ್ತಕ ಬೇರೆ ಇಟ್ಟಿರುತ್ತೇವೆ.

ಹದಿಹರೆಯದ ಕಾದಂಬರಿ ಅಂದರೆ ಯಾವುದು? ಮಕ್ಕಳ ಕಥೆಗೂ ಅದಕ್ಕೂ ಏನು ವ್ಯತ್ಯಾಸ?

ಮಕ್ಕಳ ಕಥೆಯಲ್ಲಿ ಸಾಮಾನ್ಯವಾಗಿ ಕೊನೆಗೆ ಎಲ್ಲ ಸರಿಹೋಗುತ್ತದೆ. ದೊಡ್ಡವರು ಬಂದು ಬಗೆಹರಿಸುತ್ತಾರೆ. ಹದಿಹರೆಯದ ಕಾದಂಬರಿಯಲ್ಲಿ ಹುಡುಗನೋ ಹುಡುಗಿಯೋ ತಾನೇ ನಿರ್ಧಾರ ಮಾಡಬೇಕಾಗುತ್ತದೆ. ದೊಡ್ಡವರೂ ತಪ್ಪು ಮಾಡುತ್ತಾರೆ ಅನ್ನುವುದು ಅಲ್ಲಿ ಮೊದಲ ಸಲ ಕಾಣುತ್ತದೆ. ಸ್ನೇಹ ಮುರಿಯುತ್ತದೆ, ಮನೆಯಲ್ಲಿ ದುಡ್ಡಿರುವುದಿಲ್ಲ, ಯಾರೋ ಸಾಯುತ್ತಾರೆ, ಯಾರ ಮೇಲೋ ಮನಸ್ಸಾಗುತ್ತದೆ.

ಅಮೆರಿಕದಲ್ಲಿ ಇಂಥ ಕಾದಂಬರಿಗಳನ್ನು ಬೇರೆ ಸಾಲಾಗಿ ನೋಡುವುದು ಬಲವಾಗಿದ್ದು 1967ರಲ್ಲಿ ಎಸ್. ಇ. ಹಿಂಟನ್ ಬರೆದ ಕಾದಂಬರಿ ಬಂದ ಮೇಲೆ ಅಂತ ಹೇಳುತ್ತಾರೆ. ಅದನ್ನು ಬರೆಯಲು ಶುರು ಮಾಡಿದಾಗ ಆಕೆ ಇನ್ನೂ ಹೈಸ್ಕೂಲ್ ಹುಡುಗಿ. ತನ್ನ ವಯಸ್ಸಿನವರ ಬಗ್ಗೆ ಆಕೆ ತಾನೇ ಬರೆದಳು. ಈ ಮಾತು ಹೇಳಿದಾಗ ಜಮಖಾನದ ಮೇಲೆ ಕೂತ ಹುಡುಗಿಯರ ಕಣ್ಣು ಹೇಗೆ ಹೊಳೆಯುತ್ತದೆ ಅಂತ ನೀವು ಬಂದು ನೋಡಬೇಕು. ಇಬ್ಬರು ಈಗ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದ್ದಾರೆ. ಯಾರಿಗೂ ತೋರಿಸುತ್ತಿಲ್ಲ, ನಾವೂ ಕೇಳುತ್ತಿಲ್ಲ.

ಕನ್ನಡದಲ್ಲಿ ಅಂಥ ಕಾದಂಬರಿಗಳು ಇದಾವಾ?

ಈ ಪ್ರಶ್ನೆಯನ್ನು ತಂದೆ ತಾಯಂದಿರೇ ಜಾಸ್ತಿ ಕೇಳುತ್ತಾರೆ. ಇವೆ. ಆದರೆ ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕಗಳಿಗೆ ಇರುವ ಹಾಗೆ ಬೇರೆ ಕಪಾಟು ಸಿಗುವುದು ಕಷ್ಟ. ಒಂದು ಕಡೆ ಮಕ್ಕಳ ಪುಸ್ತಕ, ಇನ್ನೊಂದು ಕಡೆ ದೊಡ್ಡವರ ಕಾದಂಬರಿ. ನಡುವಿನ ವಯಸ್ಸಿನ ಮಗು ಎರಡರ ಮಧ್ಯೆ ನಿಂತು ಸುಮ್ನೆ ವಾಪಸ್ ಬರುತ್ತದೆ. ಹಾಗಾಗಿ ಯಾವುದು ಯಾರಿಗೆ ಒಗ್ಗುತ್ತದೆ ಅಂತ ಓದಿದವರು ಕೈಯಾರೆ ಆರಿಸಿ ಕೊಡಬೇಕು. ನಾವು ಮಾಡುವ ಕೆಲಸ ಇಷ್ಟೇ.

ನಮ್ಮ ಜಗಲಿಯಿಂದ ಅತಿ ಹೆಚ್ಚು ಸಲ ಹೋಗಿರುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ. ತೆಳ್ಳಗಿದೆ, ನಗು ಬರುತ್ತದೆ, ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕಥೆ. ಜೇನು ಹುಡುಕುವ ಮಂದಣ್ಣನನ್ನು ಊರವರು ಯಾತಕ್ಕೂ ಬಾರದವನು ಅಂದುಕೊಂಡಿದ್ದರೆ, ವಿಜ್ಞಾನಿ ಕರ್ವಾಲೊ ಅವನ ಕಣ್ಣನ್ನು ನಂಬುತ್ತಾರೆ. ಮಾರ್ಕ್ಸ್ ಕಡಿಮೆ ಬಂದು ಮನೆಯಲ್ಲಿ ದಿನಾ ಬೈಸಿಕೊಳ್ಳುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಒಮ್ಮೆ ಚನ್ನಗಿರಿ ಕಡೆಯ ಹುಡುಗನೊಬ್ಬ ಬಂದಿದ್ದ. ಐಟಿಐ ಓದುತ್ತಿದ್ದ. ಓದುವಾಗ ಬೆರಳು ಸಾಲಿನ ಕೆಳಗೆ ಓಡುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಮೇಷ್ಟ್ರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಕೆಲವು ಪುಟ ಗಟ್ಟಿಯಾಗಿ ಓದಿದರು. ಆಮೇಲೆ ಕಥೆ ಏನು ಅಂತ ಹೇಳಿದರು. ಅವನು ತಲೆ ಎತ್ತಿ, "ಓತಿಕ್ಯಾತ ನಮ್ ಬೇಲಿ ಮೇಲೂ ಇರ್ತಾವೆ ಸಾರ್, ಆದ್ರೆ ಹಾರಲ್ಲ" ಅಂದ. "ಹಾರೋದು ಬೇರೆ ಜಾತಿ ಕಣಪ್ಪಾ, ಓದಿ ನೋಡು" ಅಂದರು. ಎರಡು ತಿಂಗಳು ಬಿಟ್ಟು ಬಂದ. ಮುಗಿಸಿದ್ದ. ಬೇಲಿ ಮೇಲಿನ ಓತಿಕ್ಯಾತದ ಗಂಟಲು ಯಾವಾಗ ಕೆಂಪಾಗುತ್ತದೆ ಅಂತ ತಾನೇ ಗಮನಿಸಿ ಬಂದು ಮೇಷ್ಟ್ರಿಗೆ ಹೇಳಿದ.

ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇನ್ನೊಂದು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಊರು ಬಿಡಬೇಕಾಗಿ ಬಂದ ಮನೆಯ ಮಕ್ಕಳು ಈ ಹೆಸರು ನೋಡಿಯೇ ಪುಸ್ತಕ ಎತ್ತಿಕೊಳ್ಳುತ್ತಾರೆ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ ಮಕ್ಕಳಿಗೆ ದಪ್ಪ ಆಗಲ್ವಾ?

ಏಳನೇ ಕ್ಲಾಸಿಗೆ ದಪ್ಪವೇ. ಪಿಯುಸಿಗೆ ಬಂದವರು ಕೇಳಿದರೆ ಖುಷಿಯಿಂದ ಕೊಡುತ್ತೇವೆ. ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ತಳುಕು ಚಳ್ಳಕೆರೆ ತಾಲ್ಲೂಕಿನ ಊರು. ಅವರು 1984ರಲ್ಲಿ ತೀರಿಕೊಂಡರು, ಮಾರನೇ ವರ್ಷ ಈ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಮದಕರಿ ನಾಯಕನ ಕಥೆ ನಮಗೆ ಬೇರೆಯವರ ಮನೆ ಕಥೆ ಅಲ್ಲ.

ಈ ಪುಸ್ತಕ ಕೊಡುವಾಗ ಒಂದು ಮಾತು ಹೇಳುತ್ತೇನೆ. ಮುಗಿಸಿದ ಮೇಲೆ ಬಸ್ಸು ಹತ್ತಿ ಕೋಟೆಗೆ ಹೋಗು. ಇಲ್ಲಿಂದ ಸುಮಾರು 60 ಕಿಲೋಮೀಟರ್. ಶಾಲೆಯ ಪ್ರವಾಸದಲ್ಲಿ ಎಲ್ಲರೂ ನೋಡಿರುತ್ತಾರೆ, ಒನಕೆ ಓಬವ್ವನ ಕಿಂಡಿಯ ಹತ್ತಿರ ಫೋಟೊ ತೆಗೆಸಿಕೊಂಡಿರುತ್ತಾರೆ. ಕಥೆ ಓದಿಕೊಂಡು ಹೋಗುವುದೇ ಬೇರೆ. ಹೋದ ವರ್ಷ ಐದು ಮಕ್ಕಳ ಜೊತೆ ನಾನೂ ಹೋಗಿದ್ದೆ. ಬಂಡೆಯ ನೆರಳಲ್ಲಿ ಕೂತು ಪುಳಿಯೋಗರೆ ತಿಂದೆವು. ಒಬ್ಬಳು ಬ್ಯಾಗಿನಿಂದ ಪುಸ್ತಕ ತೆಗೆದು ಕೋಟೆ ಬೀಳುವ ಭಾಗ ಓದಲು ಶುರು ಮಾಡಿದಳು. 1779ರಲ್ಲಿ ಹೈದರ್ ಅಲಿಯ ಕೈಗೆ ದುರ್ಗ ಹೋಗಿದ್ದು ಪರೀಕ್ಷೆಗೆ ಅಂತ ಎಲ್ಲರೂ ಬಾಯಿಪಾಠ ಮಾಡಿದ್ದೇ. ಆವತ್ತು ಓದುತ್ತಾ ಓದುತ್ತಾ ಅವಳ ದನಿ ಸಣ್ಣಗಾಯಿತು. ಪಕ್ಕದಲ್ಲಿದ್ದ ಹುಡುಗ ಪುಸ್ತಕ ಇಸಿದುಕೊಂಡು ಮುಂದಿನ ಪುಟ ಓದಿದ. ಬಂಡೆ ಮೇಲೆ ಕೋತಿಗಳು ಪುಳಿಯೋಗರೆ ಡಬ್ಬಿಗೆ ಕಾಯುತ್ತಾ ಕೂತಿದ್ದವು, ಆ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಇಷ್ಟದ ಪುಸ್ತಕವನ್ನೇ ಯಾಕೆ ಕೊಡ್ತೀರಿ? ಬೇಡವಾದದ್ದು ಕೊಟ್ಟರೆ ಆಗಲ್ವಾ?

ಬೇಡವಾದ ಪುಸ್ತಕದ ಬಗ್ಗೆ ಹೇಳುವುದಕ್ಕೆ ನನ್ನ ಹತ್ತಿರ ಏನಿರುತ್ತದೆ? ಮಗು ಪುಸ್ತಕ ಕೈಯಲ್ಲಿ ಹಿಡಿದುಕೊಂಡು "ಇದು ಹೆಂಗಿದೆ ಆಂಟಿ?" ಅಂತ ಕೇಳುತ್ತದೆ. ಆಗ ನಾನು "ಮೂರನೇ ಅಧ್ಯಾಯದವರೆಗೆ ತಾಳ್ಮೆಯಿಂದ ಓದು, ಆಮೇಲೆ ನಿನ್ನ ಅಮ್ಮ ಊಟಕ್ಕೆ ಕರೆದರೂ ಕೇಳಿಸಲ್ಲ" ಅಂತ ಹೇಳಬೇಕಾದರೆ, ನನಗೆ ಹಾಗಾಗಿರಬೇಕು. ಮಕ್ಕಳು ಪುಸ್ತಕವನ್ನು ನಂಬುವ ಮೊದಲು ಕೊಡುವವರ ಮುಖ ನೋಡುತ್ತಾರೆ.

ನನ್ನ ಅಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಪಾಳಿ ಮುಗಿಸಿ ಬರುವಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ಕಾದಂಬರಿ ತರುತ್ತಿದ್ದರು. ದಿನಕ್ಕೆ ಎಂಟಾಣೆ. ಒಂದು ದಿನ ತಡವಾದರೆ ಇನ್ನೊಂದು ಎಂಟಾಣೆ. ಹಾಗಾಗಿ ಮನೆಯಲ್ಲಿ ಓದುವುದಕ್ಕೆ ಪಾಳಿ ಇತ್ತು: ಅಪ್ಪ ರಾತ್ರಿ, ಅಮ್ಮ ಬೆಳಿಗ್ಗೆ ಅಡುಗೆ ಒಲೆಯ ಮುಂದೆ, ನಾವಿಬ್ಬರು ಶಾಲೆಯಿಂದ ಬಂದ ಮೇಲೆ ಸಂಜೆ ಆರರವರೆಗೆ. ಆರಕ್ಕೆ ಪುಸ್ತಕ ವಾಪಸ್. ಎಷ್ಟೋ ಕಾದಂಬರಿಯ ಕೊನೆಯ ಇಪ್ಪತ್ತು ಪುಟ ನನಗೆ ಸಿಗಲೇ ಇಲ್ಲ. ಮದುವೆಯಾಗಿ, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದ ಮೇಲೆ ಆ ಪುಸ್ತಕಗಳನ್ನೇ ಒಂದೊಂದಾಗಿ ಕೊಂಡು ಕೊನೆ ಓದಿದೆ. ಆಮೇಲೆ ಅವು ಕಪಾಟಿನಲ್ಲಿ ನಿಂತವು. ನಾನು ಮತ್ತೆ ತೆಗೆದಿರಲಿಲ್ಲ. ಒಂದು ಬೇಸಿಗೆಯಲ್ಲಿ ಧೂಳು ಒರೆಸುವಾಗ ಲೆಕ್ಕ ಹಾಕಿದೆ: ಆರಕ್ಕೆ ವಾಪಸ್ ಕೊಡಬೇಕಾಗಿಲ್ಲದ ಪುಸ್ತಕ ನನ್ನ ಹತ್ತಿರ ನೂರಾ ನಲವತ್ತಿತ್ತು.

ಶಾಲೆಗೋ ಲೈಬ್ರರಿಗೋ ಒಟ್ಟಿಗೆ ಕೊಟ್ಟುಬಿಡಬಹುದಿತ್ತಲ್ಲ?

ಮೊದಲು ಹಾಗೇ ಮಾಡಿದೆ. ಮೂವತ್ತೆಂಟು ಪುಸ್ತಕಕ್ಕೆ ಬ್ರೌನ್ ಶೀಟ್ ಹಾಕಿ, ಲೇಬಲ್ ಅಂಟಿಸಿ ಒಂದು ಶಾಲೆಗೆ ಕೊಟ್ಟೆವು. ಶಾಲು ಹೊದಿಸಿದರು, ಫೋಟೊ ತೆಗೆದರು. ಒಂದು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ನೋಡಿದೆ. ಗಾಜಿನ ಬೀರುವಿನಲ್ಲಿ ಅಷ್ಟೂ ಪುಸ್ತಕ ನಾನು ಜೋಡಿಸಿದ್ದ ಕ್ರಮದಲ್ಲೇ ಇದ್ದವು. ಬೀಗ ಹಾಕಿತ್ತು. "ಮಕ್ಕಳು ಹರಿದುಬಿಡ್ತಾರೆ ಮೇಡಂ" ಅಂದರು. ಅವರದೂ ತಪ್ಪಲ್ಲ ಅನ್ನಿ, ಪುಸ್ತಕ ಕಳೆದರೆ ಅವರೇ ಲೆಕ್ಕ ಕೊಡಬೇಕು. ಆದರೆ ಆವತ್ತು ಮನೆಗೆ ಬಂದು ಅತ್ತುಬಿಟ್ಟೆ. ಆಮೇಲಿಂದ ಓದುವ ಮಗುವಿನ ಕೈಗೇ ಕೊಡುವುದು ಅಂತ ತೀರ್ಮಾನ ಮಾಡಿದೆವು.

ಎಲ್ಲ ಕಡೆ ಹಾಗೇ ಅಂತ ಹೇಳುತ್ತಿಲ್ಲ. ಗ್ರಾಮ ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. ಮಕ್ಕಳು ಚಾಪೆ ಮೇಲೆ ಕೂತು ಓದುವ ಅರಿವು ಕೇಂದ್ರವನ್ನು ನಾನೇ ನೋಡಿದ್ದೇನೆ. ಅಲ್ಲಿನ ಮೇಲ್ವಿಚಾರಕರು ಓದುವವರಾಗಿದ್ದರೆ ಕಣ್ಣು ಮುಚ್ಚಿ ಕೊಡಿ. ಕೊಡುವ ಮೊದಲು ಒಂದು ಸಂಜೆ ಹೋಗಿ ಬೀರು ತೆರೆದಿದೆಯಾ ನೋಡಿ ಬನ್ನಿ, ಅಷ್ಟೇ.

ಒಂದೇ ಪುಸ್ತಕಕ್ಕೆ ನಾಲ್ಕು ಜನ ಬಂದರೆ?

ಚೀಟಿ ಎತ್ತುತ್ತೇವೆ. ಸ್ಟೀಲ್ ಡಬ್ಬಿಯಲ್ಲಿ ಹೆಸರು ಬರೆದ ಚೀಟಿ ಹಾಕಿ, ಅಲ್ಲಿರುವ ಅತಿ ಚಿಕ್ಕ ಮಗುವಿನ ಕೈಯಿಂದ ತೆಗೆಸುತ್ತೇವೆ. ಸಿಗದವರು ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಬೇರೆ ಒಂದು ಆರಿಸಿಕೊಳ್ಳಲಿ. ಗೆದ್ದವರು ಓದಿ ಮುಗಿಸಿ ಸೋತವರಿಗೆ ಕೊಡುವುದು ತಾನಾಗಿಯೇ ಶುರುವಾಗಿದೆ. ಅದನ್ನು ನಾವು ಹೇಳಿಕೊಟ್ಟಿದ್ದಲ್ಲ.

ತಿಂಡಿ ಇರುತ್ತಾ?

ಇರುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಇಲ್ಲದೆ ಯಾವ ಕೂಟ ನಡೆಯುತ್ತದೆ? ಆದರೆ ತಿಂಡಿ ಅಂಗಳದಲ್ಲಿ, ಪುಸ್ತಕ ಜಗಲಿಯಲ್ಲಿ. ನಡುವೆ ನಲ್ಲಿ ಇದೆ, ಸೋಪಿದೆ, ಒರೆಸಿಕೊಳ್ಳಲು ಟವೆಲ್ ಇದೆ. ಈ ಒಂದು ವಿಷಯದಲ್ಲಿ ನನ್ನ ತಂಗಿ ಬಹಳ ಕಟ್ಟುನಿಟ್ಟು. ಮೆಣಸಿನಕಾಯಿಯ ಎಣ್ಣೆ ಒಂದು ಹಾಳೆಗೆ ಅಂಟಿದರೆ ಹಿಂದಿನ ಮೂರು ಹಾಳೆಗೆ ಇಳಿಯುತ್ತದೆ, ಏನು ಮಾಡಿದರೂ ಹೋಗುವುದಿಲ್ಲ.

ಓದಿ ಆದ ಮೇಲೆ ವಾಪಸ್ ಕೊಡಬೇಕಾ?

ಬೇಡ. ಇಟ್ಟುಕೊಳ್ಳಿ. ಗೆಳತಿಗೆ ಕೊಡಿ. ಊರಿಗೆ ಹೋದಾಗ ಅಜ್ಜಿಗೆ ಓದಿ ಹೇಳಿ. ರದ್ದಿಗೆ ಮಾತ್ರ ಹಾಕಬೇಡಿ, ಬೇಡ ಅನ್ನಿಸಿದರೆ ನಮ್ಮ ಗೇಟಿನ ಒಳಗೆ ಇಟ್ಟು ಹೋಗಿ.

ಓದಿ ಮುಗಿಸೋಕೆ ಆಗಲಿಲ್ಲ. ಮತ್ತೆ ಬರಬಹುದಾ?

ಖಂಡಿತ ಬನ್ನಿ. ಮುಗಿಸಿದೆಯಾ ಅಂತ ನಾವು ಯಾರನ್ನೂ ಕೇಳುವುದಿಲ್ಲ. ಕಥೆ ಹೇಳು ನೋಡೋಣ ಅಂತ ಪರೀಕ್ಷೆ ಮಾಡುವುದಿಲ್ಲ. ಇಷ್ಟವಾಗದ ಪುಸ್ತಕ ಬಿಡುವುದೂ ಓದಿನ ಒಂದು ಭಾಗವೇ. ಯಾವ ಪುಟದಲ್ಲಿ ಬಿಟ್ಟಿರಿ ಅಂತ ನೀವಾಗಿ ಹೇಳಿದರೆ, ಮುಂದಿನ ಸಲ ಬೇರೆ ಥರದ್ದು ಆರಿಸಿಕೊಡಲು ನಮಗೆ ಸುಲಭ.

ಮಗಳು ಪ್ರೀತಿ ಪ್ರೇಮದ ಕಾದಂಬರಿ ತಂದಿದ್ದಾಳೆ. ಇದನ್ನೆಲ್ಲ ಈ ವಯಸ್ಸಿಗೆ ಕೊಡಬಹುದಾ?

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಮೊದಲನೆಯದಾಗಿ, ನಾವು ಮೂವರಲ್ಲಿ ಒಬ್ಬರಾದರೂ ಪೂರ್ತಿ ಓದದ ಪುಸ್ತಕ ಜಮಖಾನಕ್ಕೆ ಬರುವುದಿಲ್ಲ. ತೀರಾ ದೊಡ್ಡವರದ್ದು ಅನ್ನಿಸಿದ್ದನ್ನು ತೆಗೆದಿಟ್ಟಿರುತ್ತೇವೆ.

ಎರಡನೆಯದು, ಹದಿನಾರು ವರ್ಷಕ್ಕೆ ಮನಸ್ಸಿನಲ್ಲಿ ಏನೇನು ಏಳುತ್ತದೆ ಅಂತ ನಮಗೆ ನೆನಪಿಲ್ವಾ? ಅದನ್ನು ಮಕ್ಕಳು ಯಾರ ಹತ್ತಿರ ಹೇಳಿಕೊಳ್ಳಬೇಕು? ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಪ್ರೀತಿ ಅಂದರೆ ಹಾಡು, ಬೈಕು, ಅಷ್ಟೇ. ಒಳ್ಳೆಯ ಕಾದಂಬರಿಯಲ್ಲಿ ಅದರ ಮುಂದಿನದ್ದೂ ಇರುತ್ತದೆ. ಕಾಯುವುದು, ಬೇಡ ಅನ್ನುವುದು, ಬೇಡ ಅನ್ನಿಸಿಕೊಂಡು ಸಹಿಸುವುದು, ಮನೆಯವರ ಮುಂದೆ ನಿಂತು ಮಾತಾಡುವುದು. ಇಷ್ಟನ್ನು ಪುಸ್ತಕದಲ್ಲಿ ಒಮ್ಮೆ ನೋಡಿದ ಹುಡುಗಿ ಹೆಚ್ಚು ಹುಷಾರಾಗಿರುತ್ತಾಳೆ ಅಂತ ನಾನು ನಂಬಿದ್ದೇನೆ.

ಒಬ್ಬ ತಾಯಿ ಸಂತೆಯಿಂದ ನೇರವಾಗಿ ಬಂದಿದ್ದರು. ಚೀಲದಲ್ಲಿ ಮೆಂತ್ಯ ಸೊಪ್ಪು, ಕೈಯಲ್ಲಿ ಮಗಳು ತಂದಿದ್ದ ಪುಸ್ತಕ. "ಇದೇನ್ರೀ ಇದು, ಮುಖಪುಟದಾಗೆ ಹುಡುಗ ಹುಡುಗಿ ನಿಂತಾರೆ" ಅಂದರು. ನಾನು ವಾದ ಮಾಡಲಿಲ್ಲ. "ಕೂತ್ಕೊಳ್ರಿ, ನೀವೇ ಒಂದಿಷ್ಟು ಓದ್ರಿ, ಆಮೇಲೆ ಬೇಡ ಅಂದ್ರೆ ಇಲ್ಲೇ ಬಿಟ್ಟು ಹೋಗ್ರಿ" ಅಂದೆ. ಮೆಟ್ಟಿಲ ಮೇಲೆ ಕೂತರು. ಟೀ ಕೊಟ್ಟೆ, ತಣ್ಣಗಾಯಿತು. ಬಿಸಿಲು ಮೆಟ್ಟಿಲಿಗೆ ಬಂದಾಗ ಪುಸ್ತಕದಿಂದ ಕಣ್ಣು ತೆಗೆಯದೆ ನೆರಳಿಗೆ ಸರಿದು ಕೂತರು. ಹನ್ನೆರಡೂವರೆಗೆ ಎದ್ದು, "ಅಕ್ಕಾ, ಮೊದ್ಲು ನಾನು ಓದಿ ಮುಗಿಸಿ ಆಮೇಲೆ ಅವ್ಳಿಗೆ ಕೊಡ್ಲಾ?" ಅಂತ ಕೇಳಿದರು. ಸೊಪ್ಪು ಬಾಡಿಹೋಗಿತ್ತು. ಈಗ ಅಮ್ಮ ಮಗಳು ಇಬ್ಬರೂ ಬರುತ್ತಾರೆ.

ಎಸ್ಸೆಸ್ಸೆಲ್ಸಿ ವರ್ಷ ಕಾದಂಬರಿ ಓದಿದರೆ ಮಾರ್ಕ್ಸ್ ಹೋಗಲ್ವಾ?

ದಿನಕ್ಕೆ ಹತ್ತು ಪುಟ ಓದಿದರೆ ಹೋಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾವೇ ತೆಳ್ಳಗಿನ ಪುಸ್ತಕ ಕೊಡುತ್ತೇವೆ. ಮಾರ್ಚ್ ತಿಂಗಳಲ್ಲಿ ಜಗಲಿ ಖಾಲಿ ಇರುತ್ತದೆ, ಏಪ್ರಿಲ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಮಗ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತಾನೆ, ಓದೋಕೆ ತಡವರಿಸ್ತಾನೆ. ಏನು ಮಾಡೋದು?

ಇಂಥ ಮಕ್ಕಳೇ ಈಗ ಜಾಸ್ತಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒತ್ತಕ್ಷರ ಬಂದ ಕಡೆ ನಿಲ್ಲುತ್ತಾರೆ, ಉದ್ದನೆಯ ಪದ ಬಂದರೆ ಹಾರಿಸುತ್ತಾರೆ. ಅದಕ್ಕೆ ನಾವು ಕಂಡುಕೊಂಡ ದಾರಿ ಹೀಗೆ: ಮೊದಲ ಅಧ್ಯಾಯ ನೀವು ಓದಿ, ಅವನು ಕೇಳಲಿ. ಎರಡನೆಯದು ಒಂದು ಪುಟ ನೀವು, ಒಂದು ಪುಟ ಅವನು. ಮೂರನೆಯದಕ್ಕೆ ಬರುವಷ್ಟರಲ್ಲಿ ಕಥೆಯೇ ಅವನನ್ನು ಎಳೆದುಕೊಂಡು ಹೋಗುತ್ತದೆ. ಮಾತುಕತೆ ಜಾಸ್ತಿ ಇರುವ ಕಾದಂಬರಿ ಆರಿಸಿ. ವರ್ಣನೆಯ ಸಾಲಿಗಿಂತ ಮಾತಿನ ಸಾಲು ಬೇಗ ನಾಲಿಗೆಗೆ ಬರುತ್ತದೆ. ತಪ್ಪಿದಾಗೆಲ್ಲ ತಿದ್ದಬೇಡಿ, ಅರ್ಥ ಕೆಟ್ಟಾಗ ಮಾತ್ರ ತಿದ್ದಿ.

ಇಂಗ್ಲಿಷ್ ಪುಸ್ತಕ, ಅನುವಾದದ ಪುಸ್ತಕ ಕೊಡ್ತೀರಾ?

ಎರಡೂ ಕೊಡುತ್ತೇವೆ. ಇಂಗ್ಲಿಷ್ ಶುರು ಮಾಡುವವರಿಗೆ ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’. 1935ರಲ್ಲಿ ಬಂದಿದ್ದು, ಆದರೂ ಸ್ವಾಮಿಯ ಪರೀಕ್ಷೆಯ ಭಯ ಇವತ್ತಿನದೇ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿಯ ಧಾರಾವಾಹಿಯನ್ನು ಅಪ್ಪ ಅಮ್ಮ ನೋಡಿರುತ್ತಾರೆ, ಹಾಗಾಗಿ ಮನೆಯಲ್ಲಿ ಅದರ ಬಗ್ಗೆ ಮಾತಾಡಲು ಜನ ಸಿಗುತ್ತಾರೆ.

ಅನುವಾದದಲ್ಲಿ ಜಪಾನಿನ ‘ತೊತ್ತೊ-ಚಾನ್’. ಅದು ಕಾದಂಬರಿ ಅಲ್ಲ, ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯ ಬರೆದದ್ದು. ಆದರೂ ಇಟ್ಟಿದ್ದೇವೆ. ಹಳೆಯ ರೈಲು ಡಬ್ಬಿಗಳೇ ಕ್ಲಾಸ್‌ರೂಮಾಗಿರುವ ಶಾಲೆ ಅದು. ನಮ್ಮ ಊರಿನ ಮಕ್ಕಳು ದಿನಾ ರೈಲಿನ ಸದ್ದು ಕೇಳುತ್ತಾ ಬೆಳೆಯುವವರು. ಆ ಪುಟಕ್ಕೆ ಬಂದಾಗ ಅವರ ಮುಖ ಅರಳುತ್ತದೆ.

ನನ್ನ ಹತ್ತಿರವೂ ಪುಸ್ತಕ ಇದೆ. ತಂದುಕೊಡಬಹುದಾ?

ತನ್ನಿ. ಆದರೆ ಒಂದು ಬೇಡಿಕೆ. ನಿಮಗೆ ಕೊಡಲು ಸ್ವಲ್ಪ ಸಂಕಟವಾಗುವ ಪುಸ್ತಕ ತನ್ನಿ. ಮನೆ ಖಾಲಿ ಮಾಡುವಾಗ ಸಿಕ್ಕಿದ ಗೈಡು, ಹಳೆಯ ಡೈರಿ, ಕಂಪನಿ ಕೊಟ್ಟ ಕ್ಯಾಟಲಾಗು ಬೇಡ. ಒಬ್ಬರು ಗೋಣಿಚೀಲದಲ್ಲಿ ತಂದು ಇಳಿಸಿ ಹೋದರು, ಅದರಲ್ಲಿ ಮಕ್ಕಳು ಓದುವಂಥದ್ದು ಎರಡೇ ಇತ್ತು. ಇನ್ನೊಬ್ಬ ಅಜ್ಜಿ ಒಂದೇ ಒಂದು ಕಾದಂಬರಿ ತಂದರು. ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದನ್ನು ಯಾವ ಹುಡುಗಿಗೆ ಕೊಡುತ್ತೇವೆ ಅಂತ ನೋಡಿಯೇ ಹೋಗುತ್ತೇನೆ ಅಂತ ಹನ್ನೊಂದರಿಂದ ಒಂದರವರೆಗೆ ಕುರ್ಚಿ ಹಾಕಿಸಿಕೊಂಡು ಕೂತರು. ಕೊನೆಗೆ ತಾವೇ ಒಬ್ಬಳನ್ನು ಕರೆದು "ಬಾರವ್ವ ಇಲ್ಲಿ" ಅಂತ ಕೈಗಿಟ್ಟರು.

ಹಳೆಯ ಪುಸ್ತಕ ಹರಿದಿದೆ. ಹೇಗೆ ಸರಿ ಮಾಡೋದು?

ಸೆಲ್ಲೋಟೇಪ್ ಹಾಕಬೇಡಿ. ಕೆಲವೇ ವರ್ಷದಲ್ಲಿ ಅದು ಹಳದಿಯಾಗಿ, ಅಂಟು ಹಾಳೆಗೆ ಇಳಿದು, ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ಮೈದಾ ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಕಾಸಿ. ತಣ್ಣಗಾದ ಮೇಲೆ ತೆಳುವಾದ ಕಾಗದದ ಪಟ್ಟಿಗೆ ಸವರಿ ಹರಿದ ಜಾಗಕ್ಕೆ ಅಂಟಿಸಿ. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇಟ್ಟು, ರಾತ್ರಿಯಿಡೀ ಭಾರ ಹೇರಿ. ಬೈಂಡಿಂಗ್ ಅಂಗಡಿಯವರು ಹುಳ ಬರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಬೇಡ.

ಬೆನ್ನು ಬಿಚ್ಚಿಕೊಂಡಿದ್ದರೆ ಬೈಂಡಿಂಗಿಗೇ ಕೊಡಿ. ದಪ್ಪ ರಟ್ಟು ಹಾಕಿ ಹೊಲಿದು ಕೊಡುತ್ತಾರೆ. ಮೂಲ ಮುಖಪುಟ ಬಿಸಾಕಬೇಡಿ ಅಂತ ಮೊದಲೇ ಹೇಳಿ. ಚಿತ್ರ ನೋಡಿಯೇ ಪುಸ್ತಕ ಎತ್ತುವ ಮಕ್ಕಳಿಗೆ ಬರೀ ನೀಲಿ ರಟ್ಟು ಏನು ಹೇಳುತ್ತದೆ? ಆ ಮುಖಪುಟವನ್ನು ಹೊಸ ರಟ್ಟಿನ ಮೇಲೆ ಅಂಟಿಸಿ.

ವಾಸನೆ ಬರುತ್ತಿದ್ದರೆ ನೆರಳಲ್ಲಿ, ಗಾಳಿಗೆ ಪುಟ ಬಿಡಿಸಿ ಒಂದು ದಿನ ಇಡಿ. ನೇರ ಬಿಸಿಲಿಗೆ ಇಟ್ಟರೆ ಕಾಗದ ಗರಿಗರಿಯಾಗಿ ಮುರಿಯುತ್ತದೆ. ಒಣಗಿದ ಬೇವಿನೆಲೆ ಕಪಾಟಿನಲ್ಲಿ ಇಡುವುದು ನಮ್ಮಮ್ಮನ ಕಾಲದಿಂದ ನಡೆದು ಬಂದಿದೆ. ಎಲೆ ಪೂರ್ತಿ ಒಣಗಿರಬೇಕು, ಹಸಿ ಇದ್ದರೆ ಕಲೆ ಬೀಳುತ್ತದೆ.

ಪುಸ್ತಕದ ಒಳಗೆ ಏನಾದರೂ ಬರೆಯಬಹುದಾ?

ಬರೆಯಲೇಬೇಕು. ಮುಖಪುಟ ತೆರೆದ ಮೊದಲ ಖಾಲಿ ಹಾಳೆಯಲ್ಲಿ, ಈ ಕಾದಂಬರಿ ನೀವು ಎಷ್ಟನೇ ವಯಸ್ಸಿನಲ್ಲಿ, ಎಲ್ಲಿ ಕೂತು ಓದಿದಿರಿ, ಯಾವ ಪುಟ ಮರೆತಿಲ್ಲ ಅಂತ ಎರಡು ಮೂರು ಸಾಲು. ಫೋನ್ ನಂಬರ್, ವಿಳಾಸ ಬೇಡ. "ಚೆನ್ನಾಗಿ ಓದಿ ದೊಡ್ಡ ಹುದ್ದೆಗೆ ಹೋಗು" ಅಂತಲೂ ಬೇಡ, ಅದನ್ನು ಆ ಮಗುವಿಗೆ ದಿನಾ ಯಾರಾದರೂ ಹೇಳುತ್ತಲೇ ಇರುತ್ತಾರೆ. ನನ್ನ ತಂಗಿ ಬರೆದ ಒಂದು ಸಾಲು: "ಹರಿಹರದ ಬಸ್ಸಿನಲ್ಲಿ ಓದುತ್ತಾ ಇಳಿಯುವ ಸ್ಟಾಪ್ ಮರೆತೆ. 112ನೇ ಪುಟ. ನೀನು ಮನೆಯಲ್ಲಿ ಕೂತು ಓದು."

ಬೇರೆ ಊರಿಗೆ ಕಳಿಸ್ತೀರಾ?

ನಾವು ಕೈಯಿಂದ ಕೈಗೆ ಕೊಡುವುದನ್ನೇ ಇಷ್ಟಪಡುತ್ತೇವೆ. ಆದರೂ ಜಗಳೂರು, ಹೊಸದುರ್ಗ, ಮೊಳಕಾಲ್ಮುರು ಕಡೆಯಿಂದ ಕೇಳುವವರಿಗೆ ದಾರಿ ಮಾಡಬೇಕಲ್ಲ. ಆ ಕಡೆ ಹೋಗುವ ಗುರುತಿನವರ ಕೈಯಲ್ಲಿ ಕೊಟ್ಟು ಕಳಿಸುವುದು ಮೊದಲ ದಾರಿ.

ಅಂಚೆಯಲ್ಲಿ ಪುಸ್ತಕಕ್ಕೆ ಅಂತಲೇ ಜ್ಞಾನ ಪೋಸ್ಟ್ ಎಂಬ ಸೇವೆ 2025ರ ಮೇ 1ರಿಂದ ಇದೆ. ಅದು ಪಠ್ಯಪುಸ್ತಕಗಳಿಗೆ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ಶುರುವಾದಾಗ ಇಟ್ಟ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಪೊಟ್ಟಣವನ್ನು ಮನೆಯಲ್ಲೇ ಪೂರ್ತಿ ಅಂಟಿಸಿಬಿಡಬೇಡಿ. ಕೌಂಟರ್‌ನಲ್ಲಿ ಪುಸ್ತಕ ತೋರಿಸಿ, ಇದಕ್ಕೆ ಈ ದರ ಹಾಕುತ್ತೀರಾ ಅಂತ ಕೇಳಿ, ಆಮೇಲೆ ಮುಚ್ಚಿ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಕವರ್ ಹಾಕುವುದು ಮರೆಯಬೇಡಿ.

ಪಿಡಿಎಫ್ ಕಳಿಸಿದರೆ ಸುಲಭ ಅಲ್ವಾ?

ಸುಲಭ, ಆದರೆ ಸರಿಯಲ್ಲ. ನಾನು ದುಡ್ಡು ಕೊಟ್ಟು ಕೊಂಡ ಪ್ರತಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಅದನ್ನು ಸ್ಕ್ಯಾನ್ ಮಾಡಿ ನೂರು ಜನಕ್ಕೆ ಹಂಚುವುದು ಬೇರೆ ಮಾತು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ತ.ರಾ.ಸು. ಪುಸ್ತಕಗಳಿಗೆ 2044 ಮುಗಿಯುವವರೆಗೆ, 2007ರಲ್ಲಿ ತೀರಿಕೊಂಡ ತೇಜಸ್ವಿಯವರದ್ದಕ್ಕೆ 2067 ಮುಗಿಯುವವರೆಗೆ. ಕನ್ನಡದಲ್ಲಿ ಪುಸ್ತಕ ಬರೆದು, ಅಚ್ಚು ಹಾಕಿ ಬದುಕುವುದು ಮೊದಲೇ ಕಷ್ಟ. ಒಂದು ಪ್ರತಿ ಕೊಟ್ಟುಬಿಟ್ಟ ಮೇಲೆ ಅದೇ ಪುಸ್ತಕದ ಹೊಸ ಪ್ರತಿ ಕೊಳ್ಳುವುದು ನಮ್ಮ ಮನೆಯ ಪದ್ಧತಿ. ‘ಕರ್ವಾಲೊ’ ಇಲ್ಲಿಯವರೆಗೆ ಹನ್ನೊಂದು ಸಲ ಕೊಂಡಿದ್ದೇನೆ.

ನಮ್ಮ ಊರಲ್ಲೂ ಶುರು ಮಾಡಬೇಕು ಅಂತ ಆಸೆ. ಎಷ್ಟು ಪುಸ್ತಕ ಬೇಕು?

ಹತ್ತು ಸಾಕು. ನೂರು ಕೂಡಿಸಿ ಆಮೇಲೆ ಶುರು ಮಾಡೋಣ ಅಂತ ಕಾದರೆ ಆಗುವುದಿಲ್ಲ. ಹತ್ತು ಕಾದಂಬರಿ, ಒಂದು ಜಮಖಾನ, ತಿಂಗಳಿಗೆ ಒಂದೇ ದಿನ, ಒಂದೇ ಹೊತ್ತು. ದಿನ ಮಾತ್ರ ತಪ್ಪಿಸಬೇಡಿ. ಮಗು ಬಸ್ಸು ಹಿಡಿದು ಬಂದು ಮುಚ್ಚಿದ ಬಾಗಿಲು ನೋಡಿದರೆ ಇನ್ನೊಂದು ಸಲ ಬರುವುದಿಲ್ಲ. ನಮ್ಮ ಮನೆಯಲ್ಲಿ ಮದುವೆ ಇದ್ದ ತಿಂಗಳೂ ಮೇಷ್ಟ್ರು ಒಬ್ಬರೇ ಕೂತಿದ್ದರು. ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲೂ ಮೂರು ಮಕ್ಕಳು ಬಂದಿದ್ದರು.

ಯಾರಿಗೂ ಕೊಡದೆ ಇಟ್ಟುಕೊಂಡಿರುವ ಪುಸ್ತಕ ಇದೆಯಾ?

ಒಂದಿದೆ. ಅಂಗಡಿಯಲ್ಲಿ ಕೊಂಡಿದ್ದಲ್ಲ. ನಮ್ಮಮ್ಮ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಯ ಹಾಳೆಗಳನ್ನು ವಾರವಾರ ಕಿತ್ತು, ಗೋಣಿ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಮಾಡಿದ ಪುಸ್ತಕ. ಅಂಚಿನಲ್ಲಿ ಅಮ್ಮನ ಕೈಬರಹದಲ್ಲಿ ಹಾಲಿನ ಲೆಕ್ಕ ಇದೆ. ನಡುವೆ ಎರಡು ವಾರದ ಕಂತು ಇಲ್ಲ. ಅಮ್ಮ ತಂಗಿಯ ಬಾಣಂತನಕ್ಕೆ ಊರಿಗೆ ಹೋಗಿದ್ದ ವಾರಗಳು ಅವು. ಕೇಳಿದ ಮಕ್ಕಳಿಗೆ ಅದನ್ನು ಜಗಲಿಯ ಮೇಲೆ ಕೂತು ಓದಲು ಕೊಡುತ್ತೇನೆ, ಮನೆಗೆ ಕೊಡುವುದಿಲ್ಲ. ಓದಿದವರೆಲ್ಲ ಆ ಎರಡು ವಾರದಲ್ಲಿ ಏನಾಯಿತು ಅಂತ ತಮ್ಮ ತಮ್ಮ ಕಥೆ ಹೇಳುತ್ತಾರೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ವಾರಪತ್ರಿಕೆಗಳ ಕಟ್ಟು ಇದ್ದರೆ ರದ್ದಿಗೆ ಹಾಕುವ ಮೊದಲು ಒಮ್ಮೆ ಜಗಲಿಗೆ ತನ್ನಿ. ಕೂತು ಹುಡುಕೋಣ.